ಮಾಚು ಪಿಚ್ಚುವಿಗೆ ದಾರಿ ತೋರಿದವರು

ಹಾಳುಬಿದ್ದ ಊರಿನಲ್ಲಿ ಕಲ್ಲುಗಳಿಗೆ ಹೆಸರಿರುವುದಿಲ್ಲ. ಇದು ಅರಮನೆ, ಇದು ಗುಡಿ, ಇದು ಉಗ್ರಾಣ ಎಂದು ಯಾರಾದರೂ ಹೇಳಬೇಕು. ಹಾಗೆ ಹೇಳುವವನು ಗೈಡ್. ಪ್ರವಾಸಿ ಹಣ ಕೊಟ್ಟು ಅವನನ್ನು ಗೊತ್ತುಮಾಡಿಕೊಳ್ಳುತ್ತಾನೆ, ಎರಡು ಮೂರು ಗಂಟೆ ಅವನ ಬೆನ್ನ ಹಿಂದೆ ನಡೆಯುತ್ತಾನೆ, ಅವನು ಹೇಳಿದ್ದನ್ನೇ ಇತಿಹಾಸವೆಂದು ನಂಬಿ ಊರಿಗೆ ಮರಳುತ್ತಾನೆ. ಆದರೆ ಗೈಡ್‌ಗೆ ಹೇಳಿಕೊಟ್ಟವರು ಯಾರು? ಅವರಿಗೆ ಅದು ಗೊತ್ತಾದದ್ದು ಹೇಗೆ? ದಕ್ಷಿಣ ಅಮೆರಿಕದ ಪೆರು ದೇಶದ ಮಾಚು ಪಿಚ್ಚುವಿನಲ್ಲಿ ಈ ಪ್ರಶ್ನೆಗೆ ವಿಶೇಷ ಅರ್ಥವಿದೆ. ಆ ಬೆಟ್ಟದ ಊರು ಹೊರಲೋಕಕ್ಕೆ ಗೊತ್ತಾದದ್ದೇ ಒಂದು ನಾಣ್ಯದ ಕೂಲಿಗೆ ಗೈಡ್ ಆಗಿ ಬಂದ ಒಬ್ಬ ರೈತನಿಂದ. ಅವನ ಹಿಂದೆ ನಡೆದುಹೋದ ವಿದೇಶಿಯೇ ಮುಂದೆ ಇಡೀ ಜಗತ್ತಿಗೆ ಗೈಡ್ ಆಗಿಬಿಟ್ಟ. ಅವನು ಹೇಳಿದ ಮುಖ್ಯ ಸಂಗತಿಗಳಲ್ಲಿ ಬಹುಪಾಲು ತಪ್ಪಾಗಿದ್ದವು.

ನಮ್ಮ ನಾಡಿನ ಹಾಳುಗುಡಿಗಳಲ್ಲಿ ಗೈಡ್ ಹೇಳಿದ್ದನ್ನು ಪರೀಕ್ಷಿಸಲು ಒಂದು ದಾರಿಯಿದೆ. ಎಲ್ಲೋ ಒಂದು ಕಡೆ ಶಾಸನವಿರುತ್ತದೆ. ಅದರಲ್ಲಿ ಅರಸನ ಹೆಸರು, ಶಕವರ್ಷ, ಕೊಟ್ಟ ದತ್ತಿಯ ವಿವರ ಇರುತ್ತದೆ. ಮಾಚು ಪಿಚ್ಚುವಿನ ಮೂಲ ನಿರ್ಮಾಣದಲ್ಲಿ ಹಾಗೆ ಕೆತ್ತಿಟ್ಟ ಒಂದಕ್ಷರವೂ ಇಲ್ಲ. ಅದನ್ನು ಕಟ್ಟಿದ ಇಂಕಾ ಜನರಿಗೆ ನಮಗೆ ತಿಳಿದ ಅರ್ಥದಲ್ಲಿ ಲಿಪಿ ಇರಲಿಲ್ಲ. ‘ಕಿಪು’ ಎಂಬ ಗಂಟುಹಾಕಿದ ದಾರಗಳ ಗೊಂಚಲಿನಲ್ಲಿ ಅವರು ಲೆಕ್ಕಪತ್ರ ಇಡುತ್ತಿದ್ದರು. ಕಲ್ಲು ಮೌನವಾಗಿರುವ ಕಡೆ ಮಾತನಾಡುವವನ ಮಾತಿಗೆ ಬೆಲೆ ಹೆಚ್ಚು, ಅಪಾಯವೂ ಹೆಚ್ಚು.

ಮೋಡದ ನಡುವಿನ ಊರು

ಇಂಕಾ ಸಾಮ್ರಾಜ್ಯದ ರಾಜಧಾನಿಯಾಗಿದ್ದ ಕುಸ್ಕೊ ನಗರ ಸಮುದ್ರ ಮಟ್ಟದಿಂದ ಸುಮಾರು 3,400 ಮೀಟರು ಎತ್ತರದಲ್ಲಿದೆ. ಅಲ್ಲಿಂದ ವಾಯವ್ಯಕ್ಕೆ ಸುಮಾರು 80 ಕಿಲೋಮೀಟರು ದೂರದಲ್ಲಿ, ಆಂಡೀಸ್ ಪರ್ವತಗಳು ಅಮೆಜಾನ್ ಕಾಡಿನ ಕಡೆಗೆ ಇಳಿಯತೊಡಗುವ ಜಾಗದಲ್ಲಿ ಮಾಚು ಪಿಚ್ಚು ಇದೆ. ಎತ್ತರ ಸುಮಾರು 2,430 ಮೀಟರು. ಮೂರು ಕಡೆಯಿಂದ ಉರುಬಂಬಾ ನದಿ ಆಳವಾದ ಕಣಿವೆಯಲ್ಲಿ ಸುತ್ತುವರಿದು ಹರಿಯುತ್ತದೆ. ಎರಡು ಶಿಖರಗಳ ನಡುವಿನ ಕಿರಿದಾದ ಏಣಿನ ಮೇಲೆ ಊರು ನಿಂತಿದೆ. ಸ್ಥಳೀಯ ಕೆಚುವಾ ಭಾಷೆಯಲ್ಲಿ ‘ಮಾಚು’ ಎಂದರೆ ಹಿರಿಯ ಅಥವಾ ಮುದಿ, ‘ವಯ್ನಾ’ ಎಂದರೆ ಕಿರಿಯ. ಎರಡು ಶಿಖರಗಳಿಗೂ ಈ ಹೆಸರುಗಳೇ ಇವೆ: ಮಾಚು ಪಿಚ್ಚು ಮತ್ತು ವಯ್ನಾ ಪಿಚ್ಚು.

ಈಗ ಬಹುಪಾಲು ಪ್ರವಾಸಿಗಳು ರೈಲಿನಲ್ಲಿ ಬೆಟ್ಟದ ಬುಡದ ಊರಿಗೆ ಬಂದು, ಅಲ್ಲಿಂದ ಹಾವಿನಂತೆ ಬಳಸಿ ಏರುವ ರಸ್ತೆಯಲ್ಲಿ ಬಸ್ಸು ಹಿಡಿದು ಮೇಲೆ ತಲುಪುತ್ತಾರೆ. ಕಾಲಿನಲ್ಲಿ ಶಕ್ತಿಯುಳ್ಳವರು ಇಂಕಾಗಳೇ ಕಲ್ಲು ಹಾಸಿದ ಹಳೆಯ ದಾರಿಯಲ್ಲಿ ನಾಲ್ಕು ದಿನ ನಡೆದು ಬರುತ್ತಾರೆ. ಹೇಗೆ ಬಂದರೂ ಕಣ್ಣಿಗೆ ಬೀಳುವುದು ಒಂದೇ ನೋಟ. ಬೆಟ್ಟದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಹೊಲಗಳು, ಅವುಗಳ ಮೇಲೆ ಸೂರಿಲ್ಲದ ಸುಮಾರು ಇನ್ನೂರು ಕಟ್ಟಡಗಳು, ಗಾರೆಯಿಲ್ಲದೆ ಒಂದಕ್ಕೊಂದು ಕೂಡಿಸಿದ ಬಿಳಿ ಬೆಣಚುಕಲ್ಲಿನ ಗೋಡೆಗಳು.

ಒಂದು ಸೋಲ್ ಕೂಲಿ

1911ರ ಜುಲೈ 24ರ ಬೆಳಿಗ್ಗೆ ಉರುಬಂಬಾ ಕಣಿವೆಯಲ್ಲಿ ತುಂತುರು ಮಳೆ. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಲ್ಯಾಟಿನ್ ಅಮೆರಿಕದ ಇತಿಹಾಸ ಬೋಧಿಸುತ್ತಿದ್ದ 35 ವರ್ಷದ ಹಿರಾಮ್ ಬಿಂಗ್‌ಹ್ಯಾಮ್ ನದಿಯ ದಡದಲ್ಲಿ ಬೀಡುಬಿಟ್ಟಿದ್ದ. ಹತ್ತಿರದಲ್ಲೇ ಗುಡಿಸಲು ಹಾಕಿಕೊಂಡಿದ್ದ ಮೆಲ್ಚೋರ್ ಆರ್ತೆಯಾಗಾ ಎಂಬ ರೈತ, ಎದುರಿನ ಬೆಟ್ಟದ ಮೇಲೆ ಹಳೆಯ ಕಟ್ಟಡಗಳಿವೆ ಎಂದು ಹೇಳಿದ್ದ. ಆದರೆ ಆ ಮಳೆಯಲ್ಲಿ ಏರು ಹತ್ತಲು ಅವನಿಗೆ ಮನಸ್ಸಿರಲಿಲ್ಲ. ಒಂದು ಸೋಲ್ ಕೊಡುತ್ತೇನೆಂದು ಬಿಂಗ್‌ಹ್ಯಾಮ್ ಹೇಳಿದ ಮೇಲೆ ಒಪ್ಪಿದ. ಒಂದು ಸೋಲ್ ಎಂದರೆ ಆಗಿನ ಅಮೆರಿಕದ ಅರ್ಧ ಡಾಲರು. ಆ ಕಣಿವೆಯ ದಿನಗೂಲಿಗಿಂತ ಮೂರು ನಾಲ್ಕು ಪಟ್ಟು ಹೆಚ್ಚು. ಬಿಂಗ್‌ಹ್ಯಾಮನ ಜೊತೆಗಾರರಿಗೆ ನಂಬಿಕೆಯಿರಲಿಲ್ಲ. ಒಬ್ಬ ಚಿಟ್ಟೆ ಹಿಡಿಯುವ ಕೆಲಸವಿದೆಯೆಂದ, ಇನ್ನೊಬ್ಬ ಬಟ್ಟೆ ಒಗೆಯಬೇಕೆಂದು ಹಿಂದೆ ಉಳಿದ. ಸರಕಾರ ಕಾವಲಿಗೆಂದು ಕಳುಹಿಸಿದ್ದ ಸಾರ್ಜೆಂಟ್ ಕರಾಸ್ಕೊ ಮಾತ್ರ ಜೊತೆಗೆ ಹೊರಟ. ಕೆಚುವಾ ಮಾತನ್ನು ದುಭಾಷಿಯಾಗಿ ತಿಳಿಸಿಕೊಟ್ಟವನೂ ಅವನೇ.

ಮೊರೆಯುವ ನದಿಯ ಮೇಲೆ ಬಳ್ಳಿಯಿಂದ ಬಿಗಿದ ನಾಲ್ಕಾರು ಮರದ ದಿಮ್ಮಿಗಳೇ ಸೇತುವೆ. ಆರ್ತೆಯಾಗಾ ಬರಿಗಾಲಿನಲ್ಲಿ ಅದನ್ನು ದಾಟಿದ. ಬಿಂಗ್‌ಹ್ಯಾಮ್ ಕೈಕಾಲು ಊರಿಕೊಂಡು ತೆವಳಿದ. ಮೇಲೆ ತಲುಪಿದಾಗ ಅಲ್ಲಿ ಕಂಡದ್ದು ನಿರ್ಜನ ನಗರವಲ್ಲ. ರಿಚಾರ್ತೆ ಮತ್ತು ಆಲ್ವರೆಸ್ ಎಂಬ ಎರಡು ರೈತ ಕುಟುಂಬಗಳು ನಾಲ್ಕು ವರ್ಷಗಳಿಂದ ಅಲ್ಲಿ ನೆಲೆಸಿದ್ದವು. ಇಂಕಾಗಳು ಕಟ್ಟಿದ ಮೆಟ್ಟಿಲು ಹೊಲಗಳಲ್ಲೇ ಜೋಳ, ಆಲೂಗಡ್ಡೆ ಬೆಳೆಯುತ್ತಿದ್ದವು. ಕಂದಾಯದವರ ಕಾಟ, ಬಲವಂತವಾಗಿ ಸೈನ್ಯಕ್ಕೆ ಎಳೆದೊಯ್ಯುವವರ ಕಾಟ ಅಷ್ಟು ಎತ್ತರಕ್ಕೆ ಹತ್ತಿ ಬರುತ್ತಿರಲಿಲ್ಲ. ಬಂದ ಅತಿಥಿಗಳಿಗೆ ಅವರು ತಣ್ಣಗಿನ ನೀರನ್ನೂ ಬೇಯಿಸಿದ ಗೆಣಸನ್ನೂ ಕೊಟ್ಟು ಸತ್ಕರಿಸಿದರು. ಆರ್ತೆಯಾಗಾ ಅವರೊಂದಿಗೆ ಹರಟುತ್ತ ಕುಳಿತುಬಿಟ್ಟ. ಅಲ್ಲಿಂದ ಮುಂದೆ ಬಿಂಗ್‌ಹ್ಯಾಮನಿಗೆ ಆ ಊರನ್ನು ತೋರಿಸಿದವನು ಆ ಮನೆಯ ಒಬ್ಬ ಸಣ್ಣ ಹುಡುಗ. ಮಾಚು ಪಿಚ್ಚುವಿನಲ್ಲಿ ವಿದ್ವಾಂಸನೊಬ್ಬನಿಗೆ ಸಿಕ್ಕ ಮೊದಲ ಗೈಡ್ ಎಂದು ಯಾರನ್ನಾದರೂ ಕರೆಯುವುದಾದರೆ ಆ ಹುಡುಗನನ್ನೇ ಕರೆಯಬೇಕು.

ಬಿಂಗ್‌ಹ್ಯಾಮ್ ಕಣಿವೆಗೆ ಬಂದದ್ದೂ ಕೇವಲ ಅದೃಷ್ಟದಿಂದಲ್ಲ. ಕುಸ್ಕೊ ವಿಶ್ವವಿದ್ಯಾನಿಲಯದ ಮುಖ್ಯಸ್ಥನಾಗಿದ್ದ ಆಲ್ಬರ್ಟ್ ಗೀಸೆಕೆ ಅದೇ ವರ್ಷದ ಆರಂಭದಲ್ಲಿ ಆ ದಾರಿಯಲ್ಲಿ ಹೋಗಿ, ಆರ್ತೆಯಾಗಾನ ಬಾಯಿಂದಲೇ ಅವಶೇಷಗಳ ಸುದ್ದಿ ಕೇಳಿದ್ದ. ಮಳೆಗಾಲವಾದ್ದರಿಂದ ಮೇಲೆ ಹತ್ತಿರಲಿಲ್ಲ. ಆ ಸುದ್ದಿಯನ್ನು ಅವನು ಬಿಂಗ್‌ಹ್ಯಾಮನಿಗೆ ತಿಳಿಸಿದ್ದ.

ಗೋಡೆಯ ಮೇಲಿದ್ದ ಹೆಸರು

ಆ ದಿನ ಬಿಂಗ್‌ಹ್ಯಾಮನ ಕಣ್ಣಿಗೆ ಇನ್ನೊಂದು ಸಂಗತಿಯೂ ಬಿತ್ತು. ಮೂರು ಕಿಟಕಿಗಳ ಕಟ್ಟಡದ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಹೆಸರೂ ಇಸವಿಯೂ ಬರೆದಿದ್ದವು: ಲಿಸಾರಾಗಾ, 1902. ಅಗುಸ್ತೀನ್ ಲಿಸಾರಾಗಾ ಅದೇ ಕಣಿವೆಯ ರೈತ. ಬೇಸಾಯಕ್ಕೆ ನೆಲ ಹುಡುಕುತ್ತ ಜೊತೆಗಾರರೊಂದಿಗೆ ಅಲ್ಲಿಗೆ ಬಂದಿದ್ದ. ಬಿಂಗ್‌ಹ್ಯಾಮ್ ತನ್ನ ಟಿಪ್ಪಣಿ ಪುಸ್ತಕದಲ್ಲಿ ಇದನ್ನು ಪ್ರಾಮಾಣಿಕವಾಗಿಯೇ ಗುರುತಿಸಿಕೊಂಡ. ಮಾಚು ಪಿಚ್ಚುವನ್ನು ಕಂಡುಹಿಡಿದವನು ಲಿಸಾರಾಗಾ ಎಂದೇ ಬರೆದುಕೊಂಡ. ನಂತರ ಗೋಡೆಗಳನ್ನು ಶುಚಿಗೊಳಿಸುವಾಗ ಆ ಬರಹ ಅಳಿಸಿಹೋಯಿತು. 1948ರಲ್ಲಿ ಅವನು ಬರೆದ ಜನಪ್ರಿಯ ಪುಸ್ತಕದ ವೇಳೆಗೆ ಲಿಸಾರಾಗಾನ ಹೆಸರು ಕಥೆಯಿಂದಲೂ ಜಾರಿಹೋಗಿತ್ತು. ಲಿಸಾರಾಗಾ ಇದನ್ನು ಪ್ರಶ್ನಿಸುವ ಸ್ಥಿತಿಯಲ್ಲಿರಲಿಲ್ಲ. 1912ರಲ್ಲೇ ಅವನು ನದಿ ದಾಟುವಾಗ ಮುಳುಗಿ ಸತ್ತಿದ್ದ.

ಹಾಗೆಂದು ಬಿಂಗ್‌ಹ್ಯಾಮನ ಕೆಲಸವನ್ನು ತಳ್ಳಿಹಾಕುವಂತಿಲ್ಲ. 1912ರಲ್ಲಿ ಅವನು ಮರಳಿ ಬಂದು ಕಾಡು ಕಡಿಸಿದ, ನಕ್ಷೆ ಮಾಡಿಸಿದ, ನೂರಾರು ಛಾಯಾಚಿತ್ರ ತೆಗೆದ. 1913ರ ಏಪ್ರಿಲ್‌ನಲ್ಲಿ ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆ ತನ್ನ ಇಡೀ ಸಂಚಿಕೆಯನ್ನು ಇದಕ್ಕೇ ಮೀಸಲಿಟ್ಟಿತು. ಬೆಟ್ಟದ ಮೇಲೊಂದು ಊರಿದೆ ಎಂದು ಕಣಿವೆಯವರಿಗೆ ಗೊತ್ತಿತ್ತು. ಅದು ಮಹತ್ವದ್ದೆಂದು ಲೋಕಕ್ಕೆ ತಿಳಿಸಿದವನು ಅವನು. ಆದರೆ ಈ ಕೆಲಸದಲ್ಲೂ ಸ್ಥಳೀಯರ ಕಣ್ಣೇ ಅವನ ಕಣ್ಣಾಗಿತ್ತು. ತಲೆಬುರುಡೆಯಿರುವ ಸಮಾಧಿ ತೋರಿಸಿದವರಿಗೆ ಒಂದು ಸೋಲ್ ಇನಾಮು ಎಂದು ಅವನು ಸಾರಿದ. ಅಲ್ಲಿ ಬೇಸಾಯ ಮಾಡಿಕೊಂಡಿದ್ದ ರಿಚಾರ್ತೆ ಮತ್ತು ಆಲ್ವರೆಸ್ ತಮಗೆ ಪರಿಚಯವಿದ್ದ ಇಳಿಜಾರುಗಳಲ್ಲಿ ಒಂದಾದ ಮೇಲೊಂದು ಸಮಾಧಿ ತೋರಿಸುತ್ತ ಹೋದರು. ಕೊನೆಗೆ ನೂರಕ್ಕೂ ಹೆಚ್ಚು ಸಮಾಧಿಗಳು ಸಿಕ್ಕವು.

ದಾರಿ ತಪ್ಪಿದ ದೊಡ್ಡ ಗೈಡ್

ಸಿಕ್ಕದ್ದಕ್ಕೆ ಅರ್ಥ ಹೇಳುವ ಸರದಿ ಬಂದಾಗ ಬಿಂಗ್‌ಹ್ಯಾಮ್ ಮೂರು ಕಥೆ ಹೇಳಿದ. ಮೊದಲನೆಯದು, ಇಂಕಾ ಪುರಾಣದಲ್ಲಿ ಮೂಲಪುರುಷರು ಮೂರು ಕಿಟಕಿಗಳಿದ್ದ ಗವಿಯಿಂದ ಹೊರಬಂದರು ಎಂದಿದೆ. ಇಲ್ಲಿ ಮೂರು ಕಿಟಕಿಯ ಕಟ್ಟಡವಿದೆ. ಆದ್ದರಿಂದ ಇದೇ ಇಂಕಾಗಳ ಹುಟ್ಟೂರು. ಎರಡನೆಯದು, ಸ್ಪೇನಿನವರಿಗೆ ಕುಸ್ಕೊ ಬಿಟ್ಟುಕೊಟ್ಟ ಮೇಲೆ ಇಂಕಾ ಅರಸರು 1572ರವರೆಗೆ ಹೋರಾಡಿದ ಕೊನೆಯ ನೆಲೆಯಾದ ವಿಲ್ಕಬಂಬಾ ಕೂಡ ಇದೇ. ಮೂರನೆಯದು, ಇದು ಸೂರ್ಯದೇವನ ಸೇವೆಗೆ ಮುಡಿಪಾದ ಕನ್ಯೆಯರ ಆಶ್ರಮ. ಏಕೆಂದರೆ ಅವನ ತಂಡದ ಅಸ್ಥಿತಜ್ಞ ಜಾರ್ಜ್ ಈಟನ್ ಪರೀಕ್ಷಿಸಿದ ಅಸ್ಥಿಪಂಜರಗಳಲ್ಲಿ ಹೆಚ್ಚಿನವು ಹೆಂಗಸರವು ಎಂದು ತೀರ್ಮಾನಿಸಿದ್ದ.

ಮೂರೂ ಸೊಗಸಾದ ಕಥೆಗಳೇ. ಪುಸ್ತಕಗಳಲ್ಲಿ, ಪ್ರವಾಸಿ ಕೈಪಿಡಿಗಳಲ್ಲಿ, ಗೈಡ್‌ಗಳ ಬಾಯಲ್ಲಿ ದಶಕಗಳ ಕಾಲ ಅವು ಬಾಳಿದವು. ಒಂದೊಂದಾಗಿ ಮೂರೂ ಬಿದ್ದುಹೋದವು. ವಿಲ್ಕಬಂಬಾ ಎಂದು ಈಗ ವಿದ್ವಾಂಸರು ಒಪ್ಪುವ ಸ್ಥಳ ಇನ್ನೂ ಕೆಳಗೆ, ದಟ್ಟ ಕಾಡಿನಲ್ಲಿರುವ ಎಸ್ಪಿರಿತು ಪಂಪಾ. 1964ರಲ್ಲಿ ಜೀನ್ ಸವಾಯ್ ಎಂಬ ಅಮೆರಿಕನ್ ಅನ್ವೇಷಕ ಅದರ ವಿಸ್ತಾರವನ್ನು ಬೆಳಕಿಗೆ ತಂದ. ಸ್ಪೇನಿನವರಿಂದ ಕಲಿತ ಮಾದರಿಯ ಹೆಂಚುಗಳು ಅಲ್ಲಿ ಸಿಕ್ಕಿದ್ದು ದೊಡ್ಡ ಆಧಾರವಾಯಿತು. ವಿಪರ್ಯಾಸವೆಂದರೆ 1911ರಲ್ಲಿ ಬಿಂಗ್‌ಹ್ಯಾಮನೇ ಆ ಜಾಗಕ್ಕೂ ಹೋಗಿ ಬಂದಿದ್ದ. ಕಾಡಿನೊಳಗಿದ್ದ ನಾಲ್ಕಾರು ಗೋಡೆ ನೋಡಿ, ಇದೇನು ಮಹಾ ಎಂದು ಬಿಟ್ಟುಬಂದಿದ್ದ. ತಾನು ಹುಡುಕಿ ಹೊರಟಿದ್ದ ಊರಿನಲ್ಲೇ ನಿಂತು ಅದನ್ನು ಗುರುತಿಸದೆ, ಅದರ ಹೆಸರನ್ನು ಇನ್ನೊಂದು ಊರಿಗೆ ಅಂಟಿಸಿದ.

ಕನ್ಯೆಯರ ಕಥೆಯೂ ಉಳಿಯಲಿಲ್ಲ. ಅದೇ ಅಸ್ಥಿಗಳನ್ನು ಜಾನ್ ವೆರಾನೊ ಎಂಬ ವಿಜ್ಞಾನಿ ಹೊಸದಾಗಿ ಪರೀಕ್ಷಿಸಿದ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಗಂಡಸರೂ ಹೆಂಗಸರೂ ಹೆಚ್ಚುಕಡಿಮೆ ಸಮನಾಗಿದ್ದರು, ಮಕ್ಕಳೂ ಇದ್ದರು. ಆಂಡೀಸಿನ ಜನ ಗಿಡ್ಡ, ಅವರ ಎಲುಬು ಸಣ್ಣ. ಯುರೋಪಿನವರ ಅಳತೆಯನ್ನು ತಲೆಯಲ್ಲಿಟ್ಟುಕೊಂಡು ನೋಡಿದ ಈಟನ್ ಅನೇಕ ಗಂಡಸರನ್ನು ಹೆಂಗಸರೆಂದು ಬರೆದುಬಿಟ್ಟಿದ್ದ.

ಹಳೆಯ ಕಾಗದ ಹೇಳಿದ್ದು

ಹಾಗಾದರೆ ಮಾಚು ಪಿಚ್ಚು ಏನು? ಉತ್ತರ ಸಿಕ್ಕಿದ್ದು ಬೆಟ್ಟದ ಮೇಲಲ್ಲ, ದಫ್ತರಿನಲ್ಲಿ. 1568ರ ಒಂದು ಸ್ಪ್ಯಾನಿಷ್ ಭೂದಾಖಲೆಯಲ್ಲಿ ಆ ಭಾಗದ ಜಮೀನುಗಳು ಹಿಂದೆ ಇಂಕಾ ದೊರೆ ಪಚಾಕುತಿಗೆ ಸೇರಿದ್ದವು ಎಂಬ ಉಲ್ಲೇಖವಿತ್ತು. 1980ರ ದಶಕದಲ್ಲಿ ಜಾನ್ ರೋವ್ ಎಂಬ ವಿದ್ವಾಂಸ ಅದರ ಮಹತ್ವವನ್ನು ತೋರಿಸಿಕೊಟ್ಟ. ಮಾಚು ಪಿಚ್ಚು ರಾಜಧಾನಿಯೂ ಅಲ್ಲ, ಆಶ್ರಮವೂ ಅಲ್ಲ, ಕೊನೆಯ ಕೋಟೆಯೂ ಅಲ್ಲ. ದೊರೆ ಮತ್ತು ಅವನ ಪರಿವಾರ ಕುಸ್ಕೊದ ಚಳಿಯಿಂದ ಬಿಡುವು ಪಡೆದು ಬಂದು ತಂಗುತ್ತಿದ್ದ, ಪೂಜೆ ಪುನಸ್ಕಾರ ನಡೆಸುತ್ತಿದ್ದ ರಾಜಮನೆತನದ ಸ್ವಂತ ಆಸ್ತಿ. ತುಂಬಿದ ದಿನಗಳಲ್ಲಿ ಅಲ್ಲಿದ್ದವರು ಸುಮಾರು 750 ಜನ ಎಂಬುದು ಪುರಾತತ್ತ್ವಜ್ಞರ ಅಂದಾಜು.

2021ರಲ್ಲಿ ಅಸ್ಥಿಗಳ ಕಾಲನಿರ್ಣಯ ಮಾಡಿದ ಅಧ್ಯಯನ, ಅಲ್ಲಿ ಜನವಸತಿ ಸುಮಾರು 1420ರಿಂದ 1530ರ ದಶಕದವರೆಗೆ ಇತ್ತೆಂದು ತೋರಿಸಿತು. ಅಂದರೆ ವಿಜಯನಗರದಲ್ಲಿ ಎರಡನೆಯ ದೇವರಾಯನಿಂದ ಕೃಷ್ಣದೇವರಾಯನವರೆಗಿನ ಕಾಲ. 2023ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಹೂಳಲ್ಪಟ್ಟಿದ್ದ 34 ಜನರ ಮೂಲ ಹುಡುಕಿದಾಗ, ಅವರು ಕರಾವಳಿಯಿಂದ ಅಮೆಜಾನ್ ಕಾಡಿನವರೆಗೆ ಸಾಮ್ರಾಜ್ಯದ ಮೂಲೆಮೂಲೆಗಳಿಂದ ಬಂದವರೆಂದು ಕಂಡಿತು. ಅವರು ರಾಜರಲ್ಲ, ರಾಜರ ಸೇವೆಗೆಂದು ದೂರದ ನಾಡುಗಳಿಂದ ಕರೆತಂದು ನಿಲ್ಲಿಸಿದ ಪರಿಚಾರಕರು, ಕುಶಲಕರ್ಮಿಗಳು. ರಾಜರ ಶವಗಳು ಕುಸ್ಕೊಗೆ ಹೋದವು. ಬೆಟ್ಟದ ಮೇಲೆ ಉಳಿದದ್ದು ಆಳುಗಳ ಎಲುಬು.

ಊರಿನ ಹೆಸರೂ ಅನುಮಾನದಿಂದ ತಪ್ಪಿಸಿಕೊಳ್ಳಲಿಲ್ಲ. ಪೆರುವಿನ ಇತಿಹಾಸಕಾರ ದೊನಾತೊ ಅಮಾದೊ ಗೊನ್ಸಾಲೆಸ್ ಮತ್ತು ಅಮೆರಿಕದ ಪುರಾತತ್ತ್ವಜ್ಞ ಬ್ರಯಾನ್ ಬವರ್ ಹಳೆಯ ನಕ್ಷೆ ಮತ್ತು ದಾಖಲೆಗಳನ್ನು ಜೋಡಿಸಿ, ಇಂಕಾಗಳ ಕಾಲದಲ್ಲಿ ಆ ಊರಿನ ಹೆಸರು ವಯ್ನಾ ಪಿಚ್ಚು ಎಂದೋ ಬರೀ ಪಿಚ್ಚು ಎಂದೋ ಇದ್ದಿರಬೇಕೆಂದು 2021ರಲ್ಲಿ ವಾದಿಸಿದರು. ‘ಮಾಚು ಪಿಚ್ಚು’ ಎಂಬುದು ಆರ್ತೆಯಾಗಾನಿಂದ ಕೇಳಿದ ಬಿಂಗ್‌ಹ್ಯಾಮ್ ಲೋಕಕ್ಕೆ ಕೊಟ್ಟ ಹೆಸರು.

ಕಾಣದ ಅರ್ಧ

ಪ್ರವಾಸಿ ಮೆಚ್ಚಿ ನಿಲ್ಲುವುದು ಗೋಡೆಗಳ ಮುಂದೆ. ಆದರೆ ಈ ಊರು ಐನೂರು ವರ್ಷ ಜಾರಿಬೀಳದೆ ನಿಂತಿರುವುದಕ್ಕೆ ಕಾರಣ ನೆಲದಡಿಯಲ್ಲಿದೆ. ವರ್ಷಕ್ಕೆ ಸುಮಾರು 2,000 ಮಿಲಿಮೀಟರು ಮಳೆ ಬೀಳುವ ಕಡಿದಾದ ಏಣಿನಲ್ಲಿ ಊರು ಕಟ್ಟುವುದೆಂದರೆ ನೀರಿನೊಂದಿಗೆ ಸೆಣಸುವುದು. ನೀರಾವರಿ ಎಂಜಿನಿಯರ್ ಕೆನೆತ್ ರೈಟ್ ಮತ್ತು ಪೆರುವಿನ ಪುರಾತತ್ತ್ವಜ್ಞರು 1990ರ ದಶಕದಲ್ಲಿ ನಡೆಸಿದ ಅಧ್ಯಯನದ ಅಂದಾಜಿನಂತೆ ಇಲ್ಲಿನ ಕಟ್ಟಡ ಕೆಲಸದಲ್ಲಿ ನೂರಕ್ಕೆ 60ರಷ್ಟು ನೆಲದೊಳಗೇ ಇದೆ: ಅಡಿಪಾಯ, ಕಲ್ಲುಚೂರಿನ ಹಾಸು, ಇಂಗುವ ಪದರಗಳು. ಮೆಟ್ಟಿಲು ಹೊಲಗಳು ಬೆಳೆ ಬೆಳೆಯಲು ಮಾತ್ರವಲ್ಲ. ಕೆಳಗೆ ದೊಡ್ಡ ಕಲ್ಲು, ಅದರ ಮೇಲೆ ಜಲ್ಲಿ ಮರಳು, ಮೇಲೆ ಫಲವತ್ತಾದ ಮಣ್ಣು ಹೀಗೆ ಪದರ ಹಾಕಿ ಮಳೆನೀರು ಸದ್ದಿಲ್ಲದೆ ಇಳಿದುಹೋಗುವಂತೆ ಮಾಡಿದ ವ್ಯವಸ್ಥೆ. ಬೆಟ್ಟದ ಬದಿಯ ಒರತೆಯಿಂದ 749 ಮೀಟರು ಉದ್ದದ ಕಾಲುವೆಯಲ್ಲಿ ಕುಡಿಯುವ ನೀರು ಬರುತ್ತಿತ್ತು. ಅದು ಮೊದಲು ದೊರೆಯ ಮನೆಯ ಬಳಿಯ ಬಚ್ಚಲಿಗೆ ಬಿದ್ದು, ಅಲ್ಲಿಂದ ಒಂದರ ಕೆಳಗೊಂದರಂತೆ 16 ಕಾರಂಜಿಗಳಲ್ಲಿ ಇಳಿಯುತ್ತಿತ್ತು. ಮೊದಲ ನೀರು ಯಾರಿಗೆ ಎಂಬುದರಲ್ಲೇ ಆ ಸಮಾಜದ ಮೇಲುಕೀಳು ಕಾಣುತ್ತದೆ.

ಕಥೆಗೂ ಬೆಲೆ, ಸತ್ಯಕ್ಕೂ ಬೆಲೆ

ಇಂದು ಮಾಚು ಪಿಚ್ಚುವಿನಲ್ಲಿ ಮನಬಂದಂತೆ ಅಲೆಯುವಂತಿಲ್ಲ. 1983ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಜನ ಹೆಚ್ಚಿದಂತೆಲ್ಲ ಕಟ್ಟುಪಾಡುಗಳೂ ಹೆಚ್ಚಿದವು. 2024ರಲ್ಲಿ ಜಾರಿಗೆ ಬಂದ ವ್ಯವಸ್ಥೆಯಲ್ಲಿ ಮೂರು ಸುತ್ತುಗಳ ಹತ್ತು ಹಾದಿಗಳನ್ನು ಗೊತ್ತುಪಡಿಸಲಾಯಿತು. ದಿನಕ್ಕೆ 4,500 ಜನರಿಗೆ, ವಿಶೇಷ ದಿನಗಳಲ್ಲಿ 5,600 ಜನರಿಗೆ ಪ್ರವೇಶದ ಮಿತಿ ಹಾಕಲಾಯಿತು. ಪೆರುವಿನಲ್ಲಿ ಗೈಡ್ ಕೆಲಸಕ್ಕೆ ಬೇಕಾದ ಅರ್ಹತೆಯನ್ನು 2005ರ ಕಾನೂನು ನಿಗದಿಪಡಿಸಿತು. ದೊಡ್ಡ ಗುಂಪಿನೊಂದಿಗೆ ಹೋಗಬಹುದು. ಹೆಚ್ಚು ಹಣ ಕೊಟ್ಟರೆ ತಮ್ಮ ಕುಟುಂಬಕ್ಕೇ ಒಬ್ಬ ಗೈಡನ್ನು ಗೊತ್ತುಮಾಡಿಕೊಳ್ಳಬಹುದು. ಹೀಗೆ ಖಾಸಗಿಯಾಗಿ ಗೊತ್ತುಮಾಡಿಕೊಂಡದ್ದರಿಂದ ಆಗುವ ನಿಜವಾದ ಲಾಭ ನೆರಳಿನಲ್ಲಿ ಕುಳಿತು ಸುಧಾರಿಸಿಕೊಳ್ಳುವುದಷ್ಟೇ ಅಲ್ಲ, ಮರುಪ್ರಶ್ನೆ ಕೇಳುವ ಅವಕಾಶ.

ಅದರ ಅಗತ್ಯವೂ ಇದೆ. ಊರಿನ ಎತ್ತರದ ಜಾಗದಲ್ಲಿ ಬಂಡೆಯಿಂದಲೇ ಕಡೆದ ಒಂದು ಕಲ್ಲಿದೆ. ‘ಇಂತಿವತಾನಾ’, ಅಂದರೆ ಸೂರ್ಯನನ್ನು ಕಟ್ಟಿಹಾಕುವ ಗೂಟ, ಎಂದು ಅದಕ್ಕೆ ಹೆಸರು. ಇಂಥ ಕಲ್ಲುಗಳಿಗೆ ಈ ಹೆಸರು ಬಳಕೆಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಪ್ರವಾಸಿ ಬರಹಗಳಿಂದ. ಅದರಿಂದ ಶಕ್ತಿ ಹರಿಯುತ್ತದೆಂದು ನಂಬಿ ಅಂಗೈ ಚಾಚುವ ಪ್ರವಾಸಿಗಳಿಗೆ ಕೊರತೆಯಿಲ್ಲ. ಅದೇ ಕಲ್ಲಿನ ಒಂದು ಮೂಲೆ 2000ದ ಸೆಪ್ಟೆಂಬರಿನಲ್ಲಿ ಬಿಯರ್ ಜಾಹೀರಾತೊಂದರ ಚಿತ್ರೀಕರಣದ ವೇಳೆ ಕ್ರೇನ್ ಬಿದ್ದು ಚಕ್ಕೆ ಎದ್ದುಹೋಯಿತು. ಐದು ಶತಮಾನಗಳ ಮಳೆ ಮಾಡದ ಹಾನಿಯನ್ನು ಒಂದು ದಿನದ ಜಾಹೀರಾತು ಮಾಡಿತು. ಸಮೀಪದ ದುಂಡುಗೋಡೆಯ ಗುಡಿಯ ವಿಷಯ ಬೇರೆ. ಜೂನ್ ತಿಂಗಳ ಅಯನದ ದಿನ ಉದಯಿಸುವ ಸೂರ್ಯನ ಬೆಳಕು ಅದರ ಕಿಟಕಿಯಿಂದ ನೇರವಾಗಿ ಒಳಗಿನ ಬಂಡೆಯ ಮೇಲೆ ಬೀಳುವುದನ್ನು ಅಳೆದು ನೋಡಲಾಗಿದೆ. ಒಂದು ನಂಬಿಕೆ, ಇನ್ನೊಂದು ಅಳತೆ. ಎರಡನ್ನೂ ಒಂದೇ ದನಿಯಲ್ಲಿ ಹೇಳುವವನು ಮಾತುಗಾರ; ಬೇರೆ ಬೇರೆ ಮಾಡಿ ಹೇಳುವವನು ಗೈಡ್.

ಇಂಕಾ ದಾರಿಯಲ್ಲಿ ನಡೆದು ಬರುವವರ ಸಾಮಾನು ಹೊರುವವರಲ್ಲಿ ಬಹುಪಾಲು ಕೆಚುವಾ ಮಾತಾಡುವ ಹಳ್ಳಿಗರೇ. ಆ ದಾರಿಗೆ ಗೈಡ್ ಮತ್ತು ಹೊರೆಯಾಳುಗಳೂ ಸೇರಿ ದಿನಕ್ಕೆ 500 ಜನರ ಮಿತಿಯಿದೆ. ಹೊರೆ 20 ಕಿಲೋ ಮೀರಬಾರದೆಂದು ಕಾನೂನು ಬಂದದ್ದು 2001ರಲ್ಲಿ. ಕಟ್ಟಿದವರ ಭಾಷೆಯನ್ನು ಮನೆಯಲ್ಲಿ ಆಡುವ ಜನ ಇಂದಿಗೂ ಆ ದಾರಿಯಲ್ಲಿ ಇರುವುದು ಹೊರೆಯ ಕೆಳಗೆ. ಅವರಲ್ಲೂ ಅವರ ಮಕ್ಕಳಲ್ಲೂ ಕೆಲವರು ಓದಿ ಗೈಡ್‌ಗಳಾಗಿದ್ದಾರೆ ಎಂಬುದು ಸಣ್ಣ ಬದಲಾವಣೆಯೇನೂ ಅಲ್ಲ. ಊರಿನ ಬಗ್ಗೆ ಹೇಳುವ ಮಾತು ಊರಿನವರ ಬಾಯಿಗೆ ಮರಳಿದಂತೆ.

ವಸ್ತುಗಳೂ ಮರಳಿವೆ. ಬಿಂಗ್‌ಹ್ಯಾಮ್ ಅಧ್ಯಯನಕ್ಕೆಂದು ಕೊಂಡೊಯ್ದ ಮಡಕೆ, ಲೋಹ, ಎಲುಬುಗಳ ಸಾವಿರಾರು ತುಣುಕುಗಳು ಸುಮಾರು ಒಂದು ಶತಮಾನ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಉಳಿದವು. ಪೆರು ಮೊಕದ್ದಮೆ ಹೂಡಿ ಒತ್ತಡ ತಂದ ಮೇಲೆ 2010ರಲ್ಲಿ ಒಪ್ಪಂದವಾಯಿತು. 2011 ಮತ್ತು 2012ರಲ್ಲಿ ಅವು ಕುಸ್ಕೊಗೆ ಹಿಂತಿರುಗಿದವು. ಅಲ್ಲಿನ ಕಾಸಾ ಕೋಂಚಾ ಸಂಗ್ರಹಾಲಯದಲ್ಲಿ ಈಗ ಅವನ್ನು ನೋಡಬಹುದು. ಬೆಟ್ಟ ಹತ್ತುವ ಮೊದಲು ಅವುಗಳ ಮುಂದೆ ಒಂದು ಗಂಟೆ ಕಳೆದವನಿಗೆ ಮೇಲಿನ ಗೋಡೆಗಳೊಳಗೆ ಬದುಕಿದ್ದ ಅಡುಗೆಯವರು, ಲೋಹದ ಕೆಲಸದವರು, ದೂರದ ನಾಡಿನ ಆಳುಗಳು ಸ್ವಲ್ಪವಾದರೂ ಕಂಡಾರು.

ಹಾಳೂರುಗಳ ಬಗ್ಗೆ ಯಾರೂ ಕೊನೆಯ ಮಾತು ಹೇಳಲಾರರು. ಬಿಂಗ್‌ಹ್ಯಾಮನ ಕಥೆಗಳು ಬಿದ್ದಂತೆ ಇಂದಿನ ತೀರ್ಮಾನಗಳಲ್ಲಿ ಕೆಲವು ನಾಳೆ ಬೀಳಬಹುದು. ಅವನ ತಪ್ಪು ಊಹಿಸಿದ್ದರಲ್ಲಿಲ್ಲ. ಊಹೆಯನ್ನು ಖಚಿತವೆಂಬಂತೆ ಹೇಳಿದ್ದರಲ್ಲಿದೆ, ತನಗಿಂತ ಮೊದಲು ಅಲ್ಲಿ ನಡೆದವರ ಹೆಸರನ್ನು ಕಥೆಯಿಂದ ಜಾರಲು ಬಿಟ್ಟದ್ದರಲ್ಲಿದೆ. ಕೈಯಲ್ಲಿ ಹಣವಿರುವ ಪ್ರವಾಸಿ ಒಳ್ಳೆಯ ಗೈಡನ್ನು ಗುರುತಿಸುವುದು ಹೇಗೆ ಎಂದರೆ ಉಪಾಯ ಸುಲಭ. ಯಾವುದಾದರೂ ಒಂದು ಕಲ್ಲಿನ ಮುಂದೆ ನಿಂತು, ‘ಇದು ಹೀಗೆಂದು ಹೇಳಿದವರು ಯಾರು, ಅವರಿಗೆ ಹೇಗೆ ತಿಳಿಯಿತು?’ ಎಂದು ಕೇಳಬೇಕು. ಪ್ರಶ್ನೆಗೆ ಸಿಡುಕದೆ, 1568ರ ಕಾಗದವನ್ನೋ ಗೋಡೆಯ ಮೇಲೆ ಅಳಿಸಿಹೋದ 1902ರ ಹೆಸರನ್ನೋ ನೆನಪಿಸಿಕೊಂಡು ಮಾತು ಆರಂಭಿಸುವ ಗೈಡ್ ಸಿಕ್ಕರೆ, ಕೊಟ್ಟ ಹಣ ಸಾರ್ಥಕ.